ಮುಳುಗಿಹೋದ ಮೆಟ್ಟಿಲುಗಳು

ನ್ಯೂಜಿಲೆಂಡಿನ ರೊಟೊಮಹಾನ ಸರೋವರಕ್ಕೆ ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗರು ಒಂದೇ ದಿನದಲ್ಲಿ ಹೋಗಿಬರುತ್ತಿದ್ದರು. ಜಲಪಾತದ ನೆರೆಯ ಟೆ ವೈರೋವ ಹಳ್ಳಿಯಿಂದ ದೋಣಿ ಹೊರಡುತ್ತಿತ್ತು. ಕರೆದೊಯ್ಯುತ್ತಿದ್ದವರು ತುಹೌರಂಗಿ ಪಂಗಡದ ಮಾವೋರಿಗಳು. ಅವರಲ್ಲಿ ಹೆಸರಾದ ಮಾರ್ಗದರ್ಶಿ ಸೋಫಿಯಾ ಹಿನೆರಂಗಿ ಎಂಬ ಮಹಿಳೆ.

ಅಲ್ಲಿದ್ದದ್ದು ಇಳಿಜಾರಿನ ಗದ್ದೆಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಸರೋವರಕ್ಕೆ ಇಳಿದ ಎರಡು ಸೋಪಾನಗಳು: ಒಂದು ಬಿಳಿ, ಇನ್ನೊಂದು ನಸುಗೆಂಪು. ಕುದಿಯುವ ಬುಗ್ಗೆಯ ನೀರು ನೆಲದಾಳದ ಬಂಡೆಯಿಂದ ಸಿಲಿಕಾ ಕರಗಿಸಿ ತರುತ್ತದೆ. ಹರಿಯುತ್ತ ಆರಿದಂತೆ ಅದನ್ನು ಪದರ ಪದರವಾಗಿ ಬಿಟ್ಟುಹೋಗುತ್ತದೆ. ನಸುಗೆಂಪು ಮೆಟ್ಟಿಲ ಕೊಳಗಳಲ್ಲಿ ಪ್ರವಾಸಿಗರು ಮೀಯುತ್ತಿದ್ದರು, ಅದರ ಮೇಲೆ ಹೆಸರನ್ನೂ ಗೀಚುತ್ತಿದ್ದರು. (ಈ ಚಟ ನಮ್ಮವರದು ಮಾತ್ರವಲ್ಲ!)

1886ರ ಜೂನ್ 10ರ ನಸುಕಿನಲ್ಲಿ ತರವೆರ ಪರ್ವತ ಸಿಡಿಯಿತು. ಸತ್ತವರು ಸುಮಾರು 120 ಮಂದಿ, ಬಹುತೇಕ ಮಾವೋರಿಗಳು. ಸೋಫಿಯಾ ಅವರ ಮನೆ ಹೊಕ್ಕ 60ಕ್ಕೂ ಹೆಚ್ಚು ಜನ ಉಳಿದರು. ಸೋಪಾನಗಳು ಮಾತ್ರ ಕಾಣದಾದವು. ಅವು ಪೂರ್ತಿ ನಾಶವಾದವೋ, ಹೂತು ಉಳಿದಿವೆಯೋ ಎಂಬ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ.

ನೆಲೆ ಕಳೆದುಕೊಂಡ ತುಹೌರಂಗಿಗಳಲ್ಲಿ ಹಲವರು ಫಕರೆವರೆವ ಎಂಬಲ್ಲಿ ಬುಗ್ಗೆಗಳ ನಡುವೆ ಮನೆ ಕಟ್ಟಿಕೊಂಡರು. ಸೋಫಿಯಾ ಅಲ್ಲಿಯೂ ಪ್ರವಾಸಿಗರಿಗೆ ದಾರಿ ತೋರಿದರು. ಆ ಹಳ್ಳಿಯಲ್ಲಿ ಇಂದಿಗೂ ನೆಲದ ಆವಿಯಲ್ಲಿ ಅಡುಗೆ ಬೇಯುತ್ತದೆ.