ಕೋವಿಗೂ ಒಂದು ಪಾಸ್‌ಪೋರ್ಟ್!

ಕೋವಿಗೂ ಪಾಸ್‌ಪೋರ್ಟ್ ಇದೆ! ತಮಾಷೆಯಲ್ಲ, ನಿಜವಾಗಿಯೂ ಇದೆ. ಅದರ ಹೆಸರು ‘ಯುರೋಪಿಯನ್ ಫೈರ್‌ಆರ್ಮ್ಸ್ ಪಾಸ್’. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಲೈಸೆನ್ಸ್ ಇರುವ ಬೇಟೆಗಾರರು, ಶೂಟಿಂಗ್ ಆಟಗಾರರು ತಮ್ಮ ಸರ್ಕಾರಕ್ಕೆ ಅರ್ಜಿ ಹಾಕಿ ಪಡೆಯುವ ದಾಖಲೆ ಅದು. ಮೊದಲ ಸಲ ಅದರ ಬಗ್ಗೆ ಓದಿದಾಗ ನಾನು ದಂಗಾಗಿ ಕೂತೆ. ಕೋವಿಯ ಜಾತಕವನ್ನೇ ಬರೆದಿಟ್ಟಂತೆ ತಯಾರಕರ ಹೆಸರು, ಮಾದರಿ, ಕ್ಯಾಲಿಬರ್, ಲೋಹದಲ್ಲಿ ಕೆತ್ತಿದ ಸೀರಿಯಲ್ ನಂಬರ್ ಎಲ್ಲವೂ ಅದರಲ್ಲಿ! ಹೆಚ್ಚೆಂದರೆ 5 ವರ್ಷ ಚಾಲ್ತಿ, ಆಮೇಲೆ ವಿಸ್ತರಣೆ. ಕೋವಿ ಕಳುವಾದರೆ ಅದೂ ಅಲ್ಲೇ ದಾಖಲಾಗಬೇಕು.

ಇದು ಹುಟ್ಟಿದ ಕಥೆ ಇನ್ನೂ ಸೋಜಿಗದ್ದು. ಯುರೋಪು ತನ್ನ ಒಳಗಡಿಗಳ ಗೇಟುಗಳನ್ನು ತೆಗೆದುಹಾಕಲು ಹೊರಟಿತ್ತು. 1992ರ ಕೊನೆಯೊಳಗೆ ಸರಕು, ಜನ ಎಲ್ಲವೂ ತಡೆಯಿಲ್ಲದೆ ಓಡಾಡಬೇಕೆಂಬ ಗುರಿ. ಸರಿ, ಗಡಿಯಲ್ಲಿ ಪೊಲೀಸನೇ ಇಲ್ಲದ ಮೇಲೆ ಕೋವಿಯನ್ನು ಕೇಳುವವರು ಯಾರು? ಆ ಪ್ರಶ್ನೆಗೆ ಉತ್ತರವಾಗಿ 1991ರ ಜೂನ್ 18ರಂದು ಒಂದು ನಿರ್ದೇಶನ ಹೊರಟಿತು, ಅದರೊಳಗಿಂದ ಈ ಪಾಸ್ ಹುಟ್ಟಿತು. ಅಂದರೆ ಮನುಷ್ಯರು ಪಾಸ್‌ಪೋರ್ಟ್ ತೋರಿಸುವುದನ್ನು ಬಿಟ್ಟ ಕಾಲಕ್ಕೇ ಕೋವಿಗಳು ತೋರಿಸಲು ಶುರುಮಾಡಿದವು!

ಪಾಸ್ ಇದ್ದರೆ ಸಾಕೇ? ಇಲ್ಲಿದೆ ನೋಡಿ ಸ್ವಾರಸ್ಯ. ‘ಯಾಕೆ ಬಂದೆ?’ ಎಂದು ಕೇಳಿದರೆ ತೋರಿಸಲು ಇನ್ನೊಂದು ಕಾಗದ ಬೇಕು. ಬೇಟೆಗೆ ಕರೆದವರ ಪತ್ರವೋ, ಸ್ಪರ್ಧೆಯ ಆಹ್ವಾನವೋ, ಏನಾದರೊಂದು. ಕೋವಿ ಎಂಥದ್ದು ಎನ್ನುವುದು ಅರ್ಧ ಪ್ರಶ್ನೆ ಮಾತ್ರ. ಹೊತ್ತು ತಂದವರು ಯಾರು, ಯಾರ ಮನೆಗೆ, ಯಾವ ಕೆಲಸಕ್ಕೆ ಎನ್ನುವುದು ಉಳಿದರ್ಧ. ಈ ಎಳೆ ಹಿಡಿದು ದೇಶದಿಂದ ದೇಶಕ್ಕೆ ಹೋದಂತೆಲ್ಲ ಅದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ.

ಬ್ರಿಟನ್ನಿನ ಕ್ರಮವಂತೂ ಮಜವಾಗಿದೆ. ಅಲ್ಲಿಗೆ ಕೋವಿ ತರುವ ಅತಿಥಿ ತಾನೇ ಅರ್ಜಿ ಹಾಕುವಂತಿಲ್ಲ! ಅಲ್ಲಿ ನೆಲೆಸಿರುವ ಆತಿಥೇಯರು ತಮ್ಮ ಊರಿನ ಪೊಲೀಸರಿಗೆ ಅತಿಥಿಯ ಪರವಾಗಿ ಅರ್ಜಿ ಕೊಡಬೇಕು. ಬಂದವರ ಕೋವಿಗೆ ಕರೆದವರ ಮಾತೇ ಆಸರೆ.

ಕೆನಡಾದಲ್ಲಿ ಇನ್ನೊಂದು ಸೊಗಸು. ಬೇಟೆಯ ರೈಫಲ್ಲನ್ನೋ ಷಾಟ್‌ಗನ್ನನ್ನೋ ತರುವ ವಿದೇಶಿಗರಿಗೆ ಒಂದು ಘೋಷಣಾ ಪತ್ರವಿದೆ. ಎಲ್ಲ ತುಂಬಬೇಕು, ಸಹಿ ಮಾತ್ರ ಹಾಕಬಾರದು. ಗಡಿಯಲ್ಲಿ ಅಧಿಕಾರಿಯ ಕಣ್ಣೆದುರೇ ಸಹಿ ಬೀಳಬೇಕು. 25 ಕೆನಡಿಯನ್ ಡಾಲರ್ ಕಟ್ಟಿ ಅಧಿಕಾರಿ ಒಪ್ಪಿಗೆಯ ಮುದ್ರೆ ಒತ್ತಿದರೆ ಆ ಕಾಗದವೇ 60 ದಿನದ ಲೈಸೆನ್ಸ್! ಒಂದು ಕೋವಿ ಇರಲಿ, ಮೂರು ಇರಲಿ, ಶುಲ್ಕ ಅಷ್ಟೇ. ಮೂರಕ್ಕಿಂತ ಹೆಚ್ಚಾದರೆ ಹೆಚ್ಚುವರಿ ಹಾಳೆಯೊಂದನ್ನು ಲಗತ್ತಿಸಬೇಕು.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಅಮೆರಿಕದ 4457 ನಂಬರಿನ ಫಾರಂ. ಅಮೆರಿಕದ ಬೇಟೆಗಾರರು ಆಫ್ರಿಕಾಕ್ಕೆ ಹೊರಡುವ ಮುನ್ನ ರೈಫಲ್ ಹೊತ್ತು ಕಸ್ಟಮ್ಸ್ ಕಚೇರಿಗೆ ಹೋಗುತ್ತಾರೆ. ಅಧಿಕಾರಿ ಕೋವಿಯಲ್ಲಿ ಕೆತ್ತಿದ ನಂಬರನ್ನೂ ಫಾರಂನಲ್ಲಿ ಬರೆದ ನಂಬರನ್ನೂ ತಾಳೆ ನೋಡಿ ಸಹಿ ಹಾಕುತ್ತಾರೆ. ಇಷ್ಟಕ್ಕೂ ಅದು ಕೋವಿಗೆಂದೇ ಮಾಡಿದ ಫಾರಂ ಅಲ್ಲವೇ ಅಲ್ಲ! ಕ್ಯಾಮೆರಾ, ಗಡಿಯಾರ, ಲ್ಯಾಪ್‌ಟಾಪ್ ಒಯ್ಯುವವರು, ವಾಪಸ್ ಬರುವಾಗ ‘ಇದನ್ನು ವಿದೇಶದಲ್ಲಿ ಕೊಂಡಿರಿ, ಸುಂಕ ಕಟ್ಟಿ’ ಎಂದು ಯಾರೂ ಹೇಳದಿರಲೆಂದು ಮಾಡಿಸಿಕೊಳ್ಳುವ ಫಾರಂ ಅದು.

ಹಾಗಿದ್ದೂ ದಕ್ಷಿಣ ಆಫ್ರಿಕಾದ ಪೊಲೀಸರು ಆ ಹಾಳೆಯನ್ನು ಮಾಲೀಕತ್ವದ ದಾಖಲೆಯೆಂದು ಒಪ್ಪುತ್ತಾರೆ. ಬೇರೆ ದಾರಿಯೂ ಇಲ್ಲ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕೋವಿ ಲೈಸೆನ್ಸ್ ಎಂಬುದೇ ಇಲ್ಲವಲ್ಲ! ಫಾರಂನ ಮೂಲೆಯಲ್ಲಿ ಒಂದು ದಿನಾಂಕ ಅಚ್ಚಾಗಿರುತ್ತದೆ. ಅದು ಆ ಮುದ್ರಣದ ಅವಧಿ ಮುಗಿಯುವ ದಿನ, ಅಷ್ಟೆ. ಹೊರದೇಶದ ಅಧಿಕಾರಿಗಳು ಅದನ್ನು ಪರವಾನಗಿಯ ಕೊನೆಯ ದಿನವೆಂದು ಓದಿಕೊಂಡು ಬೇಟೆಗಾರರನ್ನು ಪೇಚಿಗೆ ಸಿಕ್ಕಿಸಿದ್ದುಂಟು. ಅಚ್ಚುಮನೆಯ ದಿನಾಂಕವೊಂದು ಬೇಟೆಗಾರನ ಪ್ರವಾಸವನ್ನೇ ನಿಲ್ಲಿಸಬಲ್ಲದು ಅಂದರೆ ನಂಬುತ್ತೀರಾ?

ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದ ಮೇಲೆ ಮತ್ತೊಂದು ಅರ್ಜಿ. ಕಪ್ಪು ಶಾಯಿಯಲ್ಲೇ ತುಂಬಬೇಕು, ಸಹಿ ಪೊಲೀಸರ ಎದುರೇ ಹಾಕಬೇಕು. ಬೇಟೆ ಏರ್ಪಡಿಸಿದವರ ಆಹ್ವಾನ ಪತ್ರ, ವಾಪಸ್ ಟಿಕೆಟ್ ಜೊತೆಗಿರಬೇಕು. ಕೋವಿಯನ್ನು ಪೆಟ್ಟಿಗೆಯಿಂದ ಹೊರತೆಗೆದು ನಂಬರನ್ನು ಮತ್ತೆ ತಾಳೆ ನೋಡುತ್ತಾರೆ. ಒಂದು ಅಂಕಿ ತಪ್ಪಿದರೂ ಮುಗಿಯಿತು! ಇನ್ನು ವಿಮಾನದ ಲೆಕ್ಕ ಬೇರೆ. ಕೋವಿ, ತೋಟಾ ಎರಡೂ ಸಾಮಾನಿನ ಒಡಲಿಗೆ, ಕ್ಯಾಬಿನ್ನಿಗೆ ಅಲ್ಲ. ಅಂತಾರಾಷ್ಟ್ರೀಯ ವಿಮಾನಯಾನ ನಿಯಮದಂತೆ ಪ್ರಯಾಣಿಕರೊಬ್ಬರಿಗೆ ತೋಟಾ 5 ಕಿಲೋ ಮೀರುವಂತಿಲ್ಲ, ಇಬ್ಬರ ಪಾಲನ್ನು ಒಂದೇ ಪೆಟ್ಟಿಗೆಗೆ ತುಂಬುವಂತಿಲ್ಲ.

ನಮ್ಮ ದೇಶದ ಕಾಯ್ದೆ ತೆರೆದರೆ ಅಲ್ಲೂ ಅಚ್ಚರಿ ಕಾದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 10ನೇ ಸೆಕ್ಷನ್ನಿನಲ್ಲಿ, ಕೇಂದ್ರ ಸರ್ಕಾರ ಹೆಸರಿಸಿದ ದೇಶಗಳ ನಿಜವಾದ ಪ್ರವಾಸಿಗರು ಕ್ರೀಡೆಗೆಂದು ಮಿತವಾಗಿ ಆಯುಧ ತರಬಹುದೆಂಬ ಅವಕಾಶವಿದೆ. ಶಿಕಾರಿಗೆಂದೇ ವಿದೇಶಿಗರು ಬರುತ್ತಿದ್ದ ಕಾಲದಲ್ಲಿ ಬರೆದ ಮಾತು! 1972ರ ವನ್ಯಜೀವಿ ಕಾಯ್ದೆಯೂ ಅದರ ಮುಂದಿನ ತಿದ್ದುಪಡಿಯೂ ಶಿಕಾರಿಗೆ ಬಾಗಿಲು ಹಾಕಿದವು. ಆ ಸಾಲು ಮಾತ್ರ ಪುಸ್ತಕದಲ್ಲಿ ಉಳಿಯಿತು.

ಇನ್ನು ಕೊಡಗಿಗೆ ಬನ್ನಿ, ಇಲ್ಲಿದೆ ಎಲ್ಲಕ್ಕಿಂತ ದೊಡ್ಡ ವಿಸ್ಮಯ. 1857ರ ಬಂಡಾಯದ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯುತ್ತಿದ್ದ ಹೊತ್ತಿನಲ್ಲಿ, 1861ರಲ್ಲಿ, ಕೊಡಗಿನವರಿಗೆ ವಿನಾಯಿತಿ ಸಿಕ್ಕಿತು. ಕೊಟ್ಟವರು ಮಾರ್ಕ್ ಕಬ್ಬನ್. ಹೌದು, ಬೆಂಗಳೂರಿನ ಪಾರ್ಕಿನ ಅದೇ ಕಬ್ಬನ್! ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ, ಕೋವಿಗೆ ಲೈಸೆನ್ಸ್ ಬೇಡವೆಂಬ ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ‘ತೋಕ್ ಪೂ’ ಎಂಬ ಹೂ ಮುಡಿದು ಪೂಜೆಗೆ ಕೂರುವ ಕೋವಿಯ ಹಿಂದೆ ಇಷ್ಟೊಂದು ಇತಿಹಾಸ!

ಈ ವಿನಾಯಿತಿಯಲ್ಲಿ ಹಳೆಯ ಕಾಲದಿಂದ ಬಂದ ಒಂದು ಷರತ್ತಿದೆ, ಅದನ್ನು ಓದಿ ಮೈ ಜುಮ್ಮೆಂದಿತು. ಕೊಡಗಿನ ಹೊರಗೆ ಪ್ರಯಾಣ ಮಾಡುವಾಗ, ಹೊರಗೆ ವಾಸವಿರುವಾಗ, ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ ಅಥವಾ ಅಷ್ಟೇ ಪ್ರಮಾಣದ ಮದ್ದು ಮತ್ತು ಸೀಸದ ಚರೆ. ಅದಕ್ಕಿಂತ ಹೆಚ್ಚಿಲ್ಲ! ಎರಡು ದೇಶಗಳ ನಡುವೆ ಅಲ್ಲ, ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಕೋವಿಗೆ ಗಡಿ!

ಯುರೋಪಿನ ಪಾಸ್ ಹೊತ್ತ ಬೇಟೆಗಾರನನ್ನು ಅವನ ಹೆಸರಿನ ಕಾಗದ ಕಾಯುತ್ತದೆ, ಬ್ರಿಟನ್ನಿನ ಅತಿಥಿಯನ್ನು ಆತಿಥೇಯರ ಮಾತು ಕಾಯುತ್ತದೆ. ಕೊಡಗಿನಲ್ಲಿ ಕಾನೂನು ನಂಬಿದ್ದು ಒಂದು ಸಮುದಾಯವನ್ನು, ಒಂದು ನೆಲದ ಹಿಡುವಳಿಯನ್ನು. ಇಷ್ಟು ನಂಬಿದ ಕಾನೂನು ಕೂಡ ಜಿಲ್ಲೆಯ ಗಡಿ ಬಂದ ಕೂಡಲೇ ಗುಂಡು ಎಣಿಸಲು ಕೂರುತ್ತದೆ! ಪರಿಚಯದ ನೆಲ ಮುಗಿದಲ್ಲಿ ಲೆಕ್ಕ ಶುರು. ಜೊಹಾನ್ಸ್‌ಬರ್ಗ್‌ನ ಪೊಲೀಸರು ಮಾಡುವುದೂ ಅದನ್ನೇ, ಕೆನಡಾದ ಗಡಿಯಲ್ಲಿ ನಡೆಯುವುದೂ ಅದೇ. 2029 ಸಮೀಪಿಸಿದಂತೆ ದೆಹಲಿಯ ಗೃಹ ಸಚಿವಾಲಯದ ಮೇಜಿಗೆ ಕೊಡಗಿನ ಕಡತ ಮತ್ತೆ ಬರಬೇಕಾಗುತ್ತದೆ. ಕಬ್ಬನ್ ಕಾಲದ ನಂಬಿಕೆಯನ್ನು ಆಗ ಇನ್ನೆಷ್ಟು ವರ್ಷಕ್ಕೆ ನವೀಕರಿಸುತ್ತಾರೋ ನೋಡೋಣ!