ಹುರಿಹಿಟ್ಟಿನ ನಂಟು

ಮನುಷ್ಯನ ಅವಯವಗಳಲ್ಲೆಲ್ಲ ಅತ್ಯಂತ ಹಟಮಾರಿಯಾದುದು ನಾಲಗೆ. ಕಾಲು ಹೊಸ ದಾರಿಯನ್ನು ತುಳಿಯುತ್ತದೆ, ಕಣ್ಣು ಹೊಸ ನೋಟವನ್ನು ಬಯಸುತ್ತದೆ. ನಾಲಗೆ ಮಾತ್ರ ತಾಯಿ ಬಡಿಸಿದ ರುಚಿಯನ್ನು ಬಿಟ್ಟು ಕದಲಲೊಲ್ಲದು. ಇದಕ್ಕೆ ನಾನೇ ಸಾಕ್ಷಿ. ನೆಂಟರ ಮನೆಯಲ್ಲಿ ಪಲ್ಯದ ಬಣ್ಣ ತುಸು ಬೇರೆಯಾದರೂ ನನಗೆ ಹೊಟ್ಟೆನೋವು ಬರುತ್ತದೆ. ಅದೂ ಸಾಲದಾದರೆ ಶನಿವಾರದ ಉಪವಾಸವುಂಟು.

ಅಂಥದೊಂದು ಶನಿವಾರ ನಾನೂ ನನ್ನ ಪತ್ನಿಯೂ ಬೈಲುಕುಪ್ಪೆಗೆ ಹೋಗಿದ್ದೆವು. ಮೈಸೂರಿನಿಂದ ಮಡಿಕೇರಿಯ ಹಾದಿಯಲ್ಲಿ ಸುಮಾರು 80 ಕಿಲೋಮೀಟರು ದೂರದಲ್ಲಿರುವ ಟಿಬೆಟನ್ನರ ನೆಲೆ ಅದು. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ಸಾವಿರಾರು ನಿರಾಶ್ರಿತರಿಗೆ ನೆಲ ಬೇಕಾಯಿತು. ಅಂದಿನ ಮೈಸೂರು ಸರಕಾರ ಇಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1960-61ರಲ್ಲಿ ಮೊದಲ ಕುಟುಂಬಗಳು ಬಂದು ಗುಡಾರ ಹೂಡಿ ಕಾಡು ಕಡಿದವು. ಹಿಮದ ನಾಡಿನಿಂದ ಬಂದವರಿಗೆ ಇಲ್ಲಿನ ಸೆಕೆಯೂ ರೋಗಗಳೂ ಆನೆಗಳ ಕಾಟವೂ ಹೊಸವು.

ನಾನು ಹಾಸ್ಟೆಲಿನ ವಾರ್ಡನ್ ಆಗಿದ್ದಾಗ ಮೂರು ವರ್ಷ ಅಲ್ಲಿದ್ದ ಟಿಬೆಟನ್ ಹುಡುಗನೊಬ್ಬನ ಮನೆಯವರು ಬೈಲುಕುಪ್ಪೆಯಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಾರೆ. ನಮ್ಮ ಮುದ್ದೆ-ಸಾರನ್ನು ಮೊದಲ ದಿನ ಅಗಿಯಲು ಹೋಗಿ ಪರದಾಡಿ, ವಾರದೊಳಗೆ ನುಂಗಲು ಕಲಿತಿದ್ದವನು ಅವನು. ಅವನ ಕರೆಗೇ ನಾವು ಹೋದದ್ದು.

ಮೇಜಿನ ಮೇಲೆ ಹಬೆಯಾಡುವ ಮೋಮೋ ಬಂದಿತು. ಎಲೆಕೋಸು ತುಂಬಿದ ಕಡುಬಿನ ದಾಯಾದಿ. ಬಟ್ಟಲಲ್ಲಿ ಶಾವಿಗೆ ತೇಲುವ ಥುಕ್ಪಾ ಬಂದಿತು. ಅಪರಿಚಿತವಾದೊಂದು ಪರಿಮಳ ಮೂಗಿಗೆ ಬಡಿಯಿತು. ನನ್ನ ನಾಲಗೆ ಒಡನೆಯೇ ತನ್ನ ಹಳೆಯ ಪಾಠವನ್ನೊಪ್ಪಿಸಿತು: “ಕ್ಷಮಿಸಪ್ಪಾ, ಇಂದು ಶನಿವಾರ. ನನಗೆ ಉಪವಾಸ.” ಪತ್ನಿ ನನ್ನತ್ತ ನೋಡದೆ ಎರಡನೆಯ ಮೋಮೋ ತೆಗೆದುಕೊಂಡಳು.

ಹುಡುಗ ಒಳಗೆ ಹೋಗಿ ಅಜ್ಜಿಗೆ ಹೇಳಿದ. ಅಜ್ಜಿ ತಾನೇ ಬಂದು, ನಿಧಾನವಾದ ಕನ್ನಡದಲ್ಲಿ ಕೇಳಿದಳು: “ಬೇಯಿಸಿದ್ದು ಬೇಡವಾದರೆ, ಹುರಿದದ್ದು ಆಗಬಹುದಲ್ಲ?” ತಪ್ಪಿಸಿಕೊಳ್ಳಲು ನನ್ನಲ್ಲಿ ಎರಡನೆಯ ಸುಳ್ಳು ಸಿದ್ಧವಿರಲಿಲ್ಲ.

ಮುಂದೆ ಬಂದದ್ದು ತ್ಸಂಪಾ. ಜವೆಗೋಧಿಯನ್ನು ಬಿಸಿ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಬೀಸಿದ ಹಿಟ್ಟು. ಟಿಬೆಟಿನ ಎತ್ತರದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಕಾಳು ಬೇಗ ಬೇಯದು, ಸೌದೆಯೂ ವಿರಳ. ಒಮ್ಮೆ ಹುರಿದು ಬೀಸಿಟ್ಟರೆ, ಕುರಿ ಕಾಯುವವನಿಗೂ ಯಾತ್ರಿಕನಿಗೂ ಅದು ಚೀಲದಲ್ಲಿರುವ ಊಟ. ಅದಕ್ಕೆ ಚಹ ಬೆರೆಸಿ ಬೆರಳಿನಿಂದ ಉಂಡೆ ಕಟ್ಟಬೇಕು. ಆ ಚಹದಲ್ಲಿ ಸಕ್ಕರೆಯಿಲ್ಲ. ಬೆಣ್ಣೆಯೂ ಉಪ್ಪೂ ಇವೆ! ಚಹವೆಂದು ಕುಡಿದರೆ ಮುಖ ಕಿವುಚುತ್ತದೆ. ಸಾರೆಂದು ಭಾವಿಸಿದರೆ ಒಳಗಿಳಿಯುತ್ತದೆ.

ಕಣ್ಣು ಮುಚ್ಚಿ ಉಂಡೆಯನ್ನು ಬಾಯಿಗಿಟ್ಟೆ. ವಾಚಕರು ನಂಬಬೇಕು: ಅದು ನನ್ನ ತಾಯಿ ಮಾಡುತ್ತಿದ್ದ ರಾಗಿಯ ಹುರಿಹಿಟ್ಟಿನ ಸೋದರಿ! ಬೆಲ್ಲ, ಕಾಯಿತುರಿ ಇಲ್ಲವೆಂಬುದಷ್ಟೇ ಭೇದ. ಹುರಿದ ಕಾಳಿನ ಘಮ ಅದೇ.

ಎದುರಿಗೆ ಕುಳಿತ ಅಜ್ಜಿ ಹೇಳಿದಳು: “ಬಂದಾಗ ನನಗೆ ಒಂಬತ್ತು ವರ್ಷ. ಇಲ್ಲಿ ಜವೆ ಇರಲಿಲ್ಲ. ನಾವು ಬೆಳೆದದ್ದು ಮೆಕ್ಕೆಜೋಳ. ಅಮ್ಮ ಅದನ್ನೇ ಹುರಿದು ಬೀಸಿದಳು. ಅಪ್ಪ ಒಂದು ತುತ್ತು ತಿಂದು, ಬಟ್ಟಲು ಸರಿಸಿ ಎದ್ದು ಹೋದ.”

“ಆಮೇಲೆ?”

“ಮರುದಿನ ತಿಂದ.”

ಆ ಎರಡು ಪದಗಳ ನಡುವೆ ಒಂದು ನಾಡೇ ಕಳೆದುಹೋಗಿತ್ತು. ಹೊಟ್ಟೆನೋವೆನ್ನಲು ಅವನಿಗೆ ಬೇರೆ ಮನೆಯಿರಲಿಲ್ಲ. ನನ್ನ ಕೈಯಲ್ಲಿದ್ದ ಉಂಡೆ ಭಾರವಾಯಿತು.

“ಅಜ್ಜೀ, ಇಂದು ನನಗೆ ಉಪವಾಸವಿಲ್ಲ. ಸುಳ್ಳು ಹೇಳಿದೆ,” ಎಂದೆ.

ಹುಡುಗ ನಕ್ಕ. “ಗೊತ್ತಿತ್ತು ಸರ್. ಹಾಸ್ಟೆಲಿನಲ್ಲಿ ಶನಿವಾರವೂ ತಾವು ನಮ್ಮ ಪಂಕ್ತಿಯಲ್ಲೇ ಉಣ್ಣುತ್ತಿದ್ದಿರಿ.”

ಅಜ್ಜಿ ಏನನ್ನೂ ಹೇಳದೆ ಒಳಗೆ ಹೋಗಿ, ಇನ್ನೊಂದು ತಟ್ಟೆ ಮೋಮೋ ತಂದಿಟ್ಟಳು. ಎಲ್ಲವೂ ರುಚಿಸಿತೆಂದರೆ ಅದು ಮತ್ತೊಂದು ಸುಳ್ಳಾದೀತು. ಆದರೆ ತಟ್ಟೆಯಲ್ಲಿ ಏನನ್ನೂ ಉಳಿಸಲಿಲ್ಲ.