ವಿಜ್ಞಾನ ಕಥೆ ಕಥೆಯಲ್ಲವೇ?

ಊಟದ ಗಂಟೆ ಹೊಡೆಯೋದರೊಳಗೆ ಓದಿ ಮುಗಿಯುವಷ್ಟೇ ಬರೆದಿದ್ದೇನೆ, ಸ್ವಲ್ಪ ನಿಂತು ಓದಿರಿ.

ಮೊದಲು ನನ್ನ ಕಥೆಯ ಕಥೆ. ಹೋದ ವರ್ಷ ಒಂದು ಸ್ಪರ್ಧೆಗೆ ‘ಎಳೆ’ ಎಂಬ ಕಥೆ ಬರೆದು ಕಳಿಸಿದ್ದೆ. ಇನ್ನೂ ನೂರು ವರ್ಷದ ನಂತರದ ಬನಹಟ್ಟಿ. ಮಗ್ಗಗಳೆಲ್ಲ ತಾವೇ ನೇಯುತ್ತವೆ, ಶೆಡ್ಡಿನಲ್ಲಿ ಒಬ್ಬ ಮನುಷ್ಯನೂ ಇಲ್ಲ. ಆದರೆ ರಾತ್ರಿ ಎಳೆ ಹರಿದಾಗ ಒಂದು ಮಗ್ಗ ನಿಂತು ನಮ್ಮ ಅಜ್ಜನ ಹೆಸರು ಹಿಡಿದು ಕೂಗುತ್ತದೆ. ಏಕೆಂದರೆ ಆ ಯಂತ್ರಕ್ಕೆ ಗಂಟು ಹಾಕುವುದನ್ನು ಅಜ್ಜನ ಬೆರಳು ನೋಡಿ ಕಲಿಸಿದ್ದರು. ಅದು ಯಾರ ಹೆಸರು ಅನ್ನೋದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟೇ ಕಥೆ.

ಹಾಳೆ ವಾಪಸ್ ಬಂತು. “ಇದು ಕಥೆಯಲ್ಲ, ವಿಜ್ಞಾನ ವಿಭಾಗಕ್ಕೆ ಕೊಡಿ” ಎಂದು ಕೆಂಪು ಮಸಿಯಲ್ಲಿ ಷರಾ. ವಿಜ್ಞಾನ ವಿಭಾಗಕ್ಕೆ ಒಯ್ದೆ. ಅಲ್ಲಿದ್ದವರು ಓದಿ ನಕ್ಕು, “ಮಗ್ಗ ಎಲ್ಲರ ಮಾತಾಡತೈತೇನೋ? ಇದರಾಗ ವಿಜ್ಞಾನ ಎಲ್ಲೈತಿ, ಇದು ಕಥಿ” ಅಂದರು. ಎರಡೂರ ಬೀಗರ ನಡುವೆ ಉಪವಾಸ ಉಳಿದ ನೆಂಟನ ಹಾಗಾಯಿತು ನನ್ನ ಕಥೆಯ ಗತಿ. ನನಗೇನೂ ಬೇಜಾರಾಗಲಿಲ್ಲ. (ಸುಳ್ಳು. ಆವತ್ತು ರಾತ್ರಿ ನಾನು ಊಟ ಮಾಡಲಿಲ್ಲ.)

ಹಾಗಾದರೆ ವಿಜ್ಞಾನ ಕಥೆ ಎಂದರೇನು? ಈಗ ಇಲ್ಲದ, ಆದರೆ ವಿಚಾರ ಮಾಡಿದರೆ ಇರಬಹುದು ಅನ್ನಿಸುವ ಒಂದು ಸಂಗತಿಯನ್ನು ಲೋಕದೊಳಗೆ ತಂದಿಟ್ಟು, ಆಗ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವ ಕಥೆ. ಮುಂದೆ ಆಗೋದನ್ನು ಮೊದಲೇ ಹೇಳುವುದು ಅದರ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಫ್ರಾನ್ಸಿನ ಜೂಲ್ಸ್ ವೆರ್ನ್ 1865ರಲ್ಲಿ ಚಂದ್ರಯಾನದ ಕಾದಂಬರಿ ಬರೆದ, ಅವನ ಯಾತ್ರಿಕರು ಅಮೆರಿಕದ ಫ್ಲಾರಿಡಾದಿಂದ ಹೊರಟರು, 1969ರಲ್ಲಿ ಅಪೊಲೊ-11 ಕೂಡ ಫ್ಲಾರಿಡಾದಿಂದಲೇ ಹೊರಟಿತು, ಅಂತ ಹೊಗಳುತ್ತಾರೆ. ಹೊಂದಿದ್ದಕ್ಕೇ ಹೊಗಳುವುದಾದರೆ ಪಂಚಾಂಗವೇ ದೊಡ್ಡ ಸಾಹಿತ್ಯ ಆಗಬೇಕಿತ್ತು! ವೆರ್ನ್ ತನ್ನವರನ್ನು ತೋಪಿನಲ್ಲಿಟ್ಟು ಹಾರಿಸಿದ್ದಾನೆ. ನಿಜವಾಗಿ ಹಾಗೆ ಮಾಡಿದರೆ ಒಳಗಿದ್ದವರು ಆ ಕ್ಷಣವೇ ಜಜ್ಜಿಹೋಗುತ್ತಾರೆ. ಆದರೂ ಜನ ಓದುತ್ತಾರೆ.

“ಆಗದ್ದನ್ನು ಬರೀತಾರ, ಬದುಕಿಗೆ ಸಂಬಂಧ ಇಲ್ಲ” ಎಂಬುದು ವಿಮರ್ಶಕರ ಮುಖ್ಯ ತಕರಾರು. ಇದಕ್ಕೆ ಉತ್ತರ ನಮ್ಮ ಮುಧೋಳದಲ್ಲೇ ಇದೆ. 10ನೇ ಶತಮಾನದಲ್ಲಿ ಇಲ್ಲಿಯ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ ಬರೆದ. ಅದರಲ್ಲಿ ದುರ್ಯೋಧನ ಮಂತ್ರಬಲದಿಂದ ವೈಶಂಪಾಯನ ಸರೋವರದ ನೀರೊಳಗೆ ಅಡಗಿ ಕೂಡುತ್ತಾನೆ. ದಂಡೆಯ ಮೇಲಿಂದ ಭೀಮ ಮೂದಲಿಸಿದ್ದು ಕೇಳಿ, ನೀರಿನಲ್ಲಿ ಇದ್ದುಕೊಂಡೇ ಬೆವರುತ್ತಾನೆ. ಈ ಭಾಗ ಹೇಳುವಾಗ ನಮ್ಮ ಕನ್ನಡ ಅಕ್ಕೋರು ಅರ್ಧ ನಿಮಿಷ ಸುಮ್ಮನೆ ನಿಂತುಬಿಟ್ಟಿದ್ದರು. ನೀರೊಳಗೆ ಮನುಷ್ಯ ಉಸಿರಾಡೋದು ಹೆಂಗ ಅಂತ ಯಾರೂ ಕೇಳಲಿಲ್ಲ. ನೀರು ಇರುವುದಕ್ಕೇ ಆ ಬೆವರು ಕಾಣುತ್ತದೆ. ಬಿಸಿಲಲ್ಲಿ ನಿಂತು ಬೆವರಿದ್ದರೆ ಅದರಲ್ಲಿ ಏನಿತ್ತು? ರನ್ನನಿಗೆ ಮಂತ್ರ ಹೇಗೋ, ವಿಜ್ಞಾನ ಕಥೆ ಬರೆಯುವವನಿಗೆ ಯಂತ್ರ ಹಾಗೆ. ರನ್ನನಿಗೆ ಒಪ್ಪಿದವರು ಅವನಿಗೆ ಯಾಕೆ ಒಪ್ಪಬಾರದು?

ಆಗದ್ದು ಅಂದರೆ ಯಾವುದು ಅನ್ನೋದೂ ಅಷ್ಟು ಸರಳ ಅಲ್ಲ. ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಅದಕ್ಕಿಂತ ಹತ್ತು ವರ್ಷ ಮೊದಲು ಬೀಳಗಿ ಕಡೆಯ ಒಬ್ಬ ಹುಡುಗ, “ನಮ್ಮ ಓಣಿ, ಗುಡಿಕಟ್ಟಿ, ಹೊಲ ಎಲ್ಲಾ ನೀರಾಗ ಹೋಗಿ, ನಾವು ಗುಡ್ಡದ ಮ್ಯಾಲೆ ಅದೇ ಹೆಸರಿನ ಹೊಸ ಊರು ಕಟ್ಟಿಕೊಂಡ್ವಿ” ಎಂದು ಕಥೆ ಬರೆದಿದ್ದರೆ ಕಟ್ಟುಕಥೆ ಎನ್ನುತ್ತಿದ್ದರು. ಇಂದು ಬೀಳಗಿ ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ಮುಳುಗಡೆಯ ಮಾತು ಬರುತ್ತದೆ.

ಇನ್ನು ‘ರೋಬೋ’ ಎಂಬ ಮಾತು. ಇದು ಯಾವ ಕಾರ್ಖಾನೆಯಲ್ಲೂ ಹುಟ್ಟಿದ್ದಲ್ಲ, ನಾಟಕದಲ್ಲಿ ಹುಟ್ಟಿದ್ದು. ಚೆಕ್ ದೇಶದ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ಎಂಬ ನಾಟಕ ಬರೆದ. ಅದರಲ್ಲಿ ದುಡಿಯಲೆಂದೇ ಮಾಡಿದ ಕೃತಕ ಮನುಷ್ಯರಿದ್ದಾರೆ, ಕೊನೆಗೆ ಅವರು ದಂಗೆ ಏಳುತ್ತಾರೆ. ಅವರಿಗೆ ‘ರೋಬೋಟ್’ ಎಂಬ ಹೆಸರನ್ನು ಸೂಚಿಸಿದವನು ಅವನ ಅಣ್ಣ ಜೋಸೆಫ್. ಆ ಭಾಷೆಯಲ್ಲಿ ‘ರೋಬೋಟಾ’ ಎಂದರೆ ಜಮೀನ್ದಾರನಿಗೆ ಮಾಡುವ ಬಿಟ್ಟಿ ಚಾಕರಿ. ಇದನ್ನು ಬನಹಟ್ಟಿಯಲ್ಲಿ ನಮ್ಮ ತಾಯಿಯ ತಂದೆಗೆ ಹೇಳಿದೆ. ಅಜ್ಜ ಮೊದಲು ಕುಣಿಯೊಳಗೆ ಕಾಲು ಇಳಿಬಿಟ್ಟು ಕೈಮಗ್ಗ ನೇಯ್ದವರು, ಆಮೇಲೆ ಕೂಲಿಗೆ ವಿದ್ಯುತ್ ಮಗ್ಗ ನೋಡಿಕೊಂಡವರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈಮಗ್ಗ ನನ್ನ ಮಾತು ಕೇಳತಿತ್ತು. ಕರೆಂಟಿನ ಮಗ್ಗದ ಮಾತು ನಾ ಕೇಳಬೇಕಾತು. ಅಂವ ಬರೆದದ್ದು ಖರೇ ಐತಿ” ಅಂದರು. ಅಜ್ಜ ಮೂರನೇ ಇಯತ್ತೆಗೆ ಶಾಲೆ ಬಿಟ್ಟವರು. ನನ್ನ ಹಾಳೆಯ ಮೇಲೆ ಕೆಂಪು ಮಸಿ ಹಚ್ಚಿದವರಿಗೆ ಹೊಳೆಯದ್ದು ಅವರಿಗೆ ಹೊಳೆಯಿತು.

ಆದರೆ ವಿಮರ್ಶಕರು ಹೇಳುವುದೆಲ್ಲ ತಪ್ಪು ಎಂದರೆ ನಾನೇ ಸುಳ್ಳನಾಗುತ್ತೇನೆ. ನಾನು ಓದಿದ ಎಷ್ಟೋ ವಿಜ್ಞಾನ ಕಥೆಗಳಲ್ಲಿ ಒಬ್ಬ ವಿಜ್ಞಾನಿ ಇರುತ್ತಾನೆ, ಅವನ ಮುಂದೆ ಒಬ್ಬ ದಡ್ಡ ಕೂತಿರುತ್ತಾನೆ. ವಿಜ್ಞಾನಿ ಎಂಟು ಪುಟ ಪಾಠ ಹೇಳುತ್ತಾನೆ. ಅದು ಕಥೆಯಲ್ಲ, ಅಂಗಿ ಬದಲಿಸಿದ ನೋಟ್ಸು. ನನಗೆ ಸಿಟ್ಟು ಬರುವುದು ಬೇರೆ ಕಡೆ. ಕೆಟ್ಟದ್ದು ಬಂದರೆ “ವಿಜ್ಞಾನ ಕಥೆ ಇರೋದೇ ಹಿಂಗ” ಅಂತಾರೆ. ಒಳ್ಳೆಯದು ಬಂದರೆ ಅದಕ್ಕೆ ಆ ಹೆಸರೇ ಬೇಡ ಅಂತಾರೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980) ನೋಡಿರಿ. ಕೋಟ್ಯಂತರ ವರ್ಷ ಹಿಂದಿನ ಹಾರುವ ಓತಿಯೊಂದು ಇನ್ನೂ ಕಾಡಿನಲ್ಲಿ ಉಳಿದಿದೆ ಎಂದು ಒಬ್ಬ ವಿಜ್ಞಾನಿ, ಒಬ್ಬ ರೈತ ಮತ್ತು ಹಳ್ಳಿಯ ಮಂದಣ್ಣ ಹುಡುಕಿಕೊಂಡು ಹೋಗುತ್ತಾರೆ. ರಾಕೆಟ್ ಇಲ್ಲ, ಒಪ್ಪಿದೆ. ಆದರೆ ಕಾದಂಬರಿಯ ಜೀವ ಇರುವುದು ವಿಜ್ಞಾನದ ಕುತೂಹಲದಲ್ಲೇ. ಅದನ್ನು ಶ್ರೇಷ್ಠ ಕಾದಂಬರಿ ಎನ್ನುತ್ತಾರೆ, ವಿಜ್ಞಾನ ಕಥೆ ಎಂದು ಮಾತ್ರ ಬಾಯಿ ಬಿಟ್ಟು ಹೇಳುವುದಿಲ್ಲ. ಅತ್ತ ರಾಜಶೇಖರ ಭೂಸನೂರಮಠ ಅವರು ವಿಜ್ಞಾನ ಕಾದಂಬರಿ ಎಂದೇ ಹೇಳಿ ಬರೆದವರು. ನಾನು ಕೇಳಿದ ಕನ್ನಡ ಪಾಠಗಳಲ್ಲಿ ‘ಕರ್ವಾಲೋ’ ಹೆಸರು ಹತ್ತು ಸಲ ಬಂದಿದೆ, ಅವರ ಹೆಸರು ಒಮ್ಮೆಯೂ ಬಂದಿಲ್ಲ.

ಜಮಖಂಡಿ ಕಡೆ ಮರಾಠಿ ಓದುವ ಮನೆಗಳು ಈಗಲೂ ಇವೆ. ಅವರಿಗೆ ಜಯಂತ ವಿಷ್ಣು ನಾರಳೀಕರ ಹೊಸಬರಲ್ಲ. ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ದೊಡ್ಡ ಖಗೋಳ ವಿಜ್ಞಾನಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಅವರು ‘ಕೃಷ್ಣವಿವರ’ ಎಂಬ ಕಥೆ ಕಳಿಸಿದರು. ಹೆಸರು ನೋಡಿ ಬಹುಮಾನ ಕೊಟ್ಟಾರು ಎಂದು ತಮ್ಮ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ, ‘ನಾರಾಯಣ ವಿನಾಯಕ ಜಗತಾಪ’ ಎಂದು ಬರೆದರು. ಆದರೂ ಮೊದಲ ಬಹುಮಾನ ಅದಕ್ಕೇ ಬಂತು. ಮುಂದೆ ನಾಸಿಕದಲ್ಲಿ 2021ರಲ್ಲಿ ನಡೆದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಆದರೂ 2014ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರ ಆತ್ಮಕಥೆಗೆ, ವಿಜ್ಞಾನ ಕಥೆಗಳಿಗಲ್ಲ.

ನನ್ನ ‘ಎಳೆ’ ಕಥೆಯನ್ನು ಅಕ್ಕೋರ ಅಪ್ಪಣೆ ಪಡೆದು ಈ ಹಾಳೆಯ ಕೆಳಗೇ ಅಂಟಿಸಿದ್ದೇನೆ. ಕೆಂಪು ಮಸಿಯ ಷರಾ ಅಳಿಸಿಲ್ಲ. ಓದಿ, ಇದು ಕಥಿ ಹೌದೋ ಅಲ್ಲೋ, ಯಾಕೆ, ಎಂದು ಬದಿಯ ಖಾಲಿ ಜಾಗದಲ್ಲಿ ಬರೆಯಿರಿ. ಪೆನ್ಸಿಲ್ ದಾರಕ್ಕೆ ಕಟ್ಟಿದ್ದೇನೆ, ದಯವಿಟ್ಟು ಒಯ್ಯಬೇಡಿರಿ.